ಎಳೆಯರ ಕೈಗೆ ಮೊದಲ ಲೋಟ

“ನಮ್ಮ ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲ, ಮೇಷ್ಟ್ರೇ. ಇವರಪ್ಪ ಕಾಫಿಯೊಂದನ್ನು ಬಿಟ್ಟರೆ ಬೇರೆ ಚಟ ಕಂಡವರಲ್ಲ. ಇವನಿಗೆ ಇದು ಎಲ್ಲಿಂದ ಬಂತು?”

ಈ ಪ್ರಶ್ನೆಯನ್ನು ನನಗೆ ಕೇಳಿದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ. ಕೇಳಿದ ಸ್ಥಳ ಆಸ್ಪತ್ರೆಯ ಪಡಸಾಲೆ. ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. ಗೆಳೆಯನ ಹುಟ್ಟುಹಬ್ಬವೆಂದು ಊರಾಚೆಯ ತೋಟಕ್ಕೆ ಹೋಗಿದ್ದವನು, ರಾತ್ರಿ ಬೈಕಿನಲ್ಲಿ ಹಿಂತಿರುಗುವಾಗ ಸೇತುವೆಯ ಕಟ್ಟೆಗೆ ಬಡಿದು ಬಿದ್ದಿದ್ದ. ಪ್ರಾಣ ಉಳಿಯಿತು, ಬಲಗಾಲಿನೊಳಗೆ ಉಕ್ಕಿನ ಸರಳು ಬಂದು ಕುಳಿತಿತು. ಪೊಲೀಸ್ ನೇಮಕಾತಿಯ ಓಟದ ಪರೀಕ್ಷೆಗಾಗಿ ವರ್ಷವೆಲ್ಲ ಬೆಳಗಿನ ಜಾವ ನಮ್ಮ ಶಾಲೆಯ ಮೈದಾನವನ್ನು ಸುತ್ತುತ್ತಿದ್ದ ಹುಡುಗ ಅವನು. ಆ ಓಟ ಅಲ್ಲಿಗೆ ಮುಗಿಯಿತು.

ತಾಯಿಯ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. “ಸಹವಾಸ ದೋಷ, ತಾಯಿ” ಎಂದುಬಿಟ್ಟೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಗಾದೆ ಸುಳ್ಳಲ್ಲ. ಆದರೆ ಸಹವಾಸವು ಯಾವ ದಾರಿಯಿಂದ ಮನಸ್ಸಿನೊಳಗೆ ಇಳಿಯುತ್ತದೆ, ಇಳಿದು ಏನು ಮಾಡುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನನಗೆ ಹೇಳಿದವನು ಆ ಹುಡುಗನೇ.

ನಾಲ್ಕು ತಿಂಗಳ ಮೇಲೆ ಊರುಗೋಲು ಹಿಡಿದು ಅವನು ಶಾಲೆಗೆ ಬಂದ. ಮಾತಿನ ನಡುವೆ ಕೇಳಿದೆ: “ಅದರಲ್ಲಿ ಅಂಥಾ ರುಚಿ ಏನಪ್ಪಾ ಕಂಡೆ?” ಅವನು ತಲೆ ತಗ್ಗಿಸಿ ಹೇಳಿದ: “ರುಚಿ ಎಲ್ಲಿ ಬಂತು, ಸಾರ್? ಕಹಿ. ಮೊದಲನೇ ಗುಟುಕಿಗೇ ಉಗಿದುಬಿಡೋಣ ಅನ್ನಿಸಿತು. ಉಗಿದರೆ ನಗುತ್ತಾರೆ ಅಂತ ನುಂಗಿದೆ.”

ಓದುಗರು ಈ ಕೊನೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಬಾಯಿ ಬೇಡವೆಂದದ್ದನ್ನು ಆ ಹುಡುಗ ನುಂಗಿದ. ನುಂಗಿಸಿದ್ದು ಯಾರೂ ಇನ್ನೂ ನಕ್ಕಿರದ ಒಂದು ನಗೆ. ಎಳೆಯರ ಕುಡಿತದ ಪ್ರಶ್ನೆಯನ್ನು ಬಿಡಿಸಲು ಹೊರಟವರು ಮೊದಲು ಈ ಗಂಟನ್ನು ಬಿಡಿಸಬೇಕು.

* * *

ಮೊದಲು ಲೆಕ್ಕವನ್ನು ನೋಡೋಣ. “ಈಗಿನ ಕಾಲದಲ್ಲಿ ಯಾರು ಕುಡಿಯುವುದಿಲ್ಲ ಹೇಳಿ?” ಎಂಬ ಮಾತನ್ನು ತಾವು ಕೇಳಿಯೇ ಇರುತ್ತೀರಿ. ಹರಟೆಯಲ್ಲಿ ಆಡುವ ಈ ಮಾತು ನಿಜವೇ?

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಕೇಂದ್ರ ಸರ್ಕಾರಕ್ಕಾಗಿ ಇಡೀ ದೇಶದಲ್ಲಿ ನಡೆಸಿದ ಸಮೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 14.6 ಮಂದಿ. ಗಂಡಸರಲ್ಲಿ ನೂರಕ್ಕೆ 27.3, ಹೆಂಗಸರಲ್ಲಿ 1.6. ತಲೆ ಎಣಿಸಿದರೆ ಸುಮಾರು 16 ಕೋಟಿ ಜನ; ಇದು ಸಣ್ಣ ಸಂಖ್ಯೆಯಲ್ಲ. ಇವರಲ್ಲಿ 5.7 ಕೋಟಿಗೂ ಹೆಚ್ಚು ಮಂದಿಯ ಕುಡಿತ ಅವರಿಗೆ ಹಾನಿ ಮಾಡುವ ಮಟ್ಟ ಮುಟ್ಟಿದೆ, ಅವರಿಗೆ ನೆರವು ಬೇಕು ಎಂದೂ ಅದೇ ಸಮೀಕ್ಷೆ ಹೇಳಿತು. ಆದುದರಿಂದ ಸಂಗತಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದೇ ಲೆಕ್ಕದ ಇನ್ನೊಂದು ಮುಖವನ್ನು ನೋಡಿ. ಗಂಡಸರಲ್ಲೇ ನಾಲ್ವರಲ್ಲಿ ಮೂವರಿಗೆ ಸಮೀಪದಷ್ಟು ಮಂದಿ ಕುಡಿಯುವುದಿಲ್ಲ. “ಎಲ್ಲರೂ” ಎಂಬ ಮಾತು ಎಲ್ಲಿ ನಿಂತಿತು?

ಹಾಗಿದ್ದರೆ ಹುಡುಗರು ಈ ತಪ್ಪು ಲೆಕ್ಕವನ್ನು ನಂಬುವುದು ಏಕೆ? ಕುಡಿದವನು ಸದ್ದು ಮಾಡುತ್ತಾನೆ, ಕುಡಿಯದವನು ಸುಮ್ಮನೆ ಮನೆಗೆ ಹೋಗಿ ಮಲಗುತ್ತಾನೆ. ಮದುವೆಯ ಹಿಂದಿನ ರಾತ್ರಿ ಛತ್ರದ ಹಿಂಬದಿಯಲ್ಲಿ ಲೋಟ ಹಿಡಿದ ಐವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಒಳಗೆ ಹೂ ಕಟ್ಟುತ್ತ, ಎಲೆ ಒರೆಸುತ್ತ ಕುಳಿತ ಐವತ್ತು ಮಂದಿ ಲೆಕ್ಕಕ್ಕೆ ಬರುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲಿಯೂ ಪಾರ್ಟಿಯ ಬಾಟಲಿ ಕಾಣುತ್ತದೆಯೇ ಹೊರತು, ಆ ರಾತ್ರಿ ಅಜ್ಜಿಗೆ ಕಾಲು ಒತ್ತಿದ ಹುಡುಗನ ಚಿತ್ರ ಎಲ್ಲಿಯೂ ಕಾಣುವುದಿಲ್ಲ.

ಒಮ್ಮೆ ನನ್ನ ಹತ್ತನೆಯ ತರಗತಿಯಲ್ಲಿ ಹೆಸರು ಬರೆಯದ ಚೀಟಿಗಳನ್ನು ತರಿಸಿಕೊಂಡೆ. ಎರಡೇ ಪ್ರಶ್ನೆ. ನಿನ್ನ ವಯಸ್ಸಿನವರಲ್ಲಿ ಎಷ್ಟು ಮಂದಿ ಕುಡಿತದ ರುಚಿ ನೋಡಿರಬಹುದು? ನೀನು ನೋಡಿದ್ದೀಯಾ? ಮೊದಲ ಪ್ರಶ್ನೆಗೆ “ತುಂಬಾ ಜನ”, “ಮುಕ್ಕಾಲುಪಾಲು” ಎಂಬ ಉತ್ತರಗಳೇ ಹೆಚ್ಚಾಗಿ ಬಂದವು. ಎರಡನೆಯದಕ್ಕೆ “ಹೌದು” ಎಂದವರು ಬೆರಳೆಣಿಕೆಯವರು. ಚೀಟಿಗಳನ್ನು ತರಗತಿಯ ಮುಂದೆಯೇ ಓದಿದೆ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲಿ ಇದ್ದದ್ದು ನಾಚಿಕೆಯಲ್ಲ, ಬೆರಗು. ಹಿಂದಿನ ಬೆಂಚಿನಲ್ಲಿ ಯಾರೋ ದೊಡ್ಡದಾಗಿ ಉಸಿರು ಬಿಟ್ಟದ್ದೂ ಕೇಳಿಸಿತು.

ನನ್ನ ತರಗತಿಯಲ್ಲಿ ಕಂಡದ್ದನ್ನು ಮನಶ್ಶಾಸ್ತ್ರಜ್ಞರು ಬಹು ಹಿಂದೆಯೇ ವ್ಯವಸ್ಥಿತವಾಗಿ ಕಂಡಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕುರಿತು ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಎಂಬಿಬ್ಬರು 1993ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅಲ್ಲಿನ ಕುಡಿತದ ರೂಢಿಯ ಬಗ್ಗೆ ನಿನಗೆ ಎಷ್ಟು ಸಮಾಧಾನವಿದೆ, ಉಳಿದವರಿಗೆ ಎಷ್ಟಿದೆ ಎಂದು ನೀನು ಭಾವಿಸುತ್ತೀಯೆ ಎಂದು ಪ್ರತಿಯೊಬ್ಬರನ್ನೂ ಕೇಳಲಾಯಿತು. “ನನಗೆ ಅಷ್ಟು ಸರಿಕಾಣದು, ಆದರೆ ಉಳಿದವರಿಗೆಲ್ಲ ಸರಿಯಾಗಿದೆ” ಎಂಬುದೇ ಹೆಚ್ಚಿನವರ ಉತ್ತರದ ಸಾರ. ಪ್ರತಿಯೊಬ್ಬನೂ ತನ್ನ ಅಳುಕನ್ನು ಒಳಗೆ ಮುಚ್ಚಿಟ್ಟ. ಪಕ್ಕದವನೂ ಮುಚ್ಚಿಟ್ಟಿದ್ದಾನೆಂದು ಯಾರಿಗೂ ತೋಚಲಿಲ್ಲ. ಇನ್ನೂ ಸ್ವಾರಸ್ಯವಾದುದು ಮುಂದಿನ ಸಂಗತಿ. ಕೆಲವು ತಿಂಗಳು ಕಳೆದು ನೋಡಿದರೆ, ಗಂಡುಹುಡುಗರ ಸ್ವಂತ ಅಭಿಪ್ರಾಯವೇ ಆ ಕಲ್ಪಿತ ಅಭಿಪ್ರಾಯದ ಕಡೆಗೆ ವಾಲಿತ್ತು. ಇಲ್ಲದ ಬಹುಮತಕ್ಕೆ ಅವರು ಮತ ಕೊಟ್ಟಿದ್ದರು.

* * *

ಎರಡನೆಯ ವಿಚಾರ, ಜೊತೆಗಾರರ ಇರುವಿಕೆ. ಒಬ್ಬನೇ ಇದ್ದಾಗ ವಿವೇಕಿಯಾಗಿರುವ ಹುಡುಗ ನಾಲ್ವರ ನಡುವೆ ಬೇರೆಯೇ ಆಗುವುದನ್ನು ಮೇಷ್ಟ್ರುಗಳಾದ ನಾವು ದಿನವೂ ಕಾಣುತ್ತೇವೆ. ಇದನ್ನು ಪರೀಕ್ಷಿಸಲು ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸರು ಒಂದು ಆಟವನ್ನು ಬಳಸಿದರು. ಅದರ ವರದಿ 2005ರಲ್ಲಿ ಬಂತು. ಪರದೆಯ ಮೇಲೆ ಕಾರು ಓಡಿಸಬೇಕು. ಹಳದಿ ದೀಪ ಬಿದ್ದ ಮೇಲೆಯೂ ಮುಂದೆ ಹೋದಷ್ಟೂ ಅಂಕ. ಹೆಚ್ಚು ಹೋದರೆ ಅಪಘಾತವಾಗಿ ಅಂಕ ನಷ್ಟ. 13ರಿಂದ 16 ವರ್ಷದವರು, 18ರಿಂದ 22 ವರ್ಷದವರು, 24 ದಾಟಿದವರು ಎಂದು ಮೂರು ಗುಂಪು. ಕೆಲವರು ಒಬ್ಬರೇ ಆಡಿದರು, ಕೆಲವರು ಓರಗೆಯವರ ಎದುರಿಗೆ. ದೊಡ್ಡವರ ಆಟದಲ್ಲಿ ಇದರಿಂದ ವ್ಯತ್ಯಾಸವಾಗಲಿಲ್ಲ. ಎಳೆಯರು ಮಾತ್ರ ಓರಗೆಯವರ ಎದುರಿಗೆ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು.

ಇದಕ್ಕೆ ದೇಹದಲ್ಲಿಯೇ ಒಂದು ಕಾರಣವಿದೆ. ಹಿಂದುಮುಂದು ಯೋಚಿಸಿ ಕಡಿವಾಣ ಹಾಕುವ ಕೆಲಸ ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿಯಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ, ಇಪ್ಪತ್ತೈದರ ಆಸುಪಾಸಿನಲ್ಲಿ. ಸುಖವನ್ನೂ ಮೆಚ್ಚುಗೆಯನ್ನೂ ಬಯಸುವ ಭಾಗವಾದರೋ ಹದಿಮೂರು ಹದಿನಾಲ್ಕರಲ್ಲಿಯೇ ಎಚ್ಚೆತ್ತು ಕುಳಿತಿರುತ್ತದೆ. ಎತ್ತು ಪ್ರಾಯಕ್ಕೆ ಬಂದಿದೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ ಎನ್ನಬಹುದು. ಗೆಳೆಯರ ಒಂದು ಶಹಬ್ಬಾಸ್ ಆ ವಯಸ್ಸಿನವನಿಗೆ ನಮಗೆ ನಿಮಗೆ ತೂಗುವುದಕ್ಕಿಂತ ಎಷ್ಟೋ ಹೆಚ್ಚು ತೂಗುತ್ತದೆ. ಹುಡುಗನನ್ನು “ಬುದ್ಧಿಯಿಲ್ಲದವನು” ಎಂದು ಜರೆಯುವ ಮುನ್ನ ನಾವು ಈ ತಕ್ಕಡಿಯನ್ನು ನೆನೆಯಬೇಕು.

ನಮ್ಮ ಕೂಟಗಳ ಪದ್ಧತಿಯೂ ಇದಕ್ಕೆ ಒದಗಿಬರುತ್ತದೆ. ಎಲ್ಲರೂ ಸಮಪಾಲು ಹಣ ಹಾಕುತ್ತಾರೆ. ಕುಡಿಯದವನ ಪಾಲು ನಷ್ಟವೆಂದು ತೋರುತ್ತದೆ. ಬರಿದಾದ ಲೋಟವನ್ನು ಇನ್ನೊಬ್ಬ ತುಂಬುತ್ತಾನೆ; ಬೇಡವೆಂದರೆ ಸ್ನೇಹವನ್ನೇ ಬೇಡವೆಂದಂತೆ. “ಹೆಣ್ಣಿಗನೇನೋ ನೀನು?” ಎಂಬ ಕುಚೋದ್ಯವೂ ಸಿದ್ಧವಾಗಿರುತ್ತದೆ. ಗಂಡಸುತನವನ್ನು ಲೋಟದಿಂದ ಅಳೆಯುವ ಈ ಮಾತು ಎಷ್ಟು ಮನೆಗಳನ್ನು ಕೆಡಿಸಿದೆಯೋ! ಮಾತಿಗೂ ಒಂದು ಮಾಟವುಂಟು ಎಂದು ಕನ್ನಡ ಪಾಠ ಹೇಳುವ ನನಗೆ ಅನ್ನಿಸುತ್ತದೆ. ಹೆಂಡ, ಸಾರಾಯಿ ಎಂಬ ಹಳೆಯ ಹೆಸರುಗಳಲ್ಲಿ ಒಂದು ಎಚ್ಚರಿಕೆ ಅಡಗಿತ್ತು. ಈಗಿನ ಹುಡುಗರು ಅದನ್ನು “ಎಣ್ಣೆ” ಎನ್ನುತ್ತಾರೆ. ದೀಪಕ್ಕೆ ಹಾಕುವ, ತಲೆಗೆ ಹಚ್ಚುವ ಎಣ್ಣೆಯ ಹೆಸರನ್ನು ಅದಕ್ಕಿಟ್ಟ ಮೇಲೆ ಅದು ಮನೆಯ ವಸ್ತುವಿನಂತೆಯೇ ಕೇಳಿಸುತ್ತದೆ.

* * *

ಮೂರನೆಯದು ನಂಬಿಕೆ. ಕುಡಿದರೆ ಧೈರ್ಯ ಬರುತ್ತದೆ, ಮಾತು ಬರುತ್ತದೆ, ದುಃಖ ಹೋಗುತ್ತದೆ ಎಂದು ಹುಡುಗ ಮೊದಲ ಗುಟುಕಿಗೆ ಎಷ್ಟೋ ವರ್ಷ ಮುಂಚೆಯೇ ಕಲಿತಿರುತ್ತಾನೆ. ಕಲಿಸುವವರು ಯಾರು? ಪ್ರೇಮದಲ್ಲಿ ಸೋತೊಡನೆ ಬಾಟಲಿ ಹಿಡಿಯುವ ಸಿನಿಮಾ ನಾಯಕ. ಮೆರವಣಿಗೆಯಲ್ಲಿ ಕುಣಿಯುವ ಗುಂಪು. “ಕುಡಿದಿದ್ದ, ಅದಕ್ಕೇ ಹಾಗೆ ಮಾತಾಡಿದ” ಎಂದು ತಪ್ಪನ್ನು ಮನ್ನಿಸಿಬಿಡುವ ದೊಡ್ಡವರು.

ಈ ನಂಬಿಕೆಯ ಬಲವನ್ನು ಅಳೆಯಲು ಆಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಮಾಡಿದ ಪ್ರಯೋಗದ ವರದಿ 1973ರಲ್ಲಿ ಪ್ರಕಟವಾಯಿತು. ಟಾನಿಕ್ ಎಂಬ ಕಹಿಬೆರೆತ ಸೋಡಾ ನೀರಿನಲ್ಲಿ ವೋಡ್ಕಾ ಎಂಬ ಮದ್ಯವನ್ನು ಹದವಾಗಿ ಬೆರೆಸಿದರೆ ನಾಲಗೆಗೆ ಗುರುತು ಹತ್ತುವುದು ಕಷ್ಟ. ರುಚಿ ಹೇಳಿ ಎಂಬ ನೆಪದಲ್ಲಿ ನಾಲ್ಕು ಗುಂಪುಗಳ ಮುಂದೆ ಪಾನೀಯ ಇಟ್ಟರು. ಕೆಲವರಿಗೆ ಮದ್ಯವೆಂದು ಹೇಳಿ ಮದ್ಯವನ್ನೇ ಕೊಟ್ಟರು. ಕೆಲವರಿಗೆ ಮದ್ಯವೆಂದು ಹೇಳಿ ಬರಿಯ ಟಾನಿಕ್ ಕೊಟ್ಟರು. ಕೆಲವರಿಗೆ ಟಾನಿಕ್ ಎಂದು ಹೇಳಿ ಮದ್ಯ ಕೊಟ್ಟರು. ಉಳಿದವರಿಗೆ ಟಾನಿಕ್ ಎಂದೇ ಹೇಳಿ ಟಾನಿಕ್ಕನ್ನೇ ಕೊಟ್ಟರು. ಹೆಚ್ಚು ಕುಡಿದವರು ಯಾರು? ಲೋಟದಲ್ಲಿ ಮದ್ಯ ಇದ್ದವರಲ್ಲ, ಮದ್ಯವಿದೆಯೆಂದು ನಂಬಿದವರು. ಬರಿಯ ಟಾನಿಕ್ ಕುಡಿಯುತ್ತಿದ್ದವರೂ ಮದ್ಯವೆಂಬ ನಂಬಿಕೆಯಿಂದಲೇ ಹೆಚ್ಚು ಕುಡಿದರು.

ಮೆಕ್‌ಆಂಡ್ರೂ ಮತ್ತು ಎಡ್ಜರ್ಟನ್ ಎಂಬ ಇಬ್ಬರು ಲೋಕದ ನಾನಾ ಜನಾಂಗಗಳ ಕುಡಿತದ ವರದಿಗಳನ್ನು ಕೂಡಿಸಿ 1969ರಲ್ಲಿ ಒಂದು ಪುಸ್ತಕ ಬರೆದರು. ಕುಡಿದವರು ಕೆಲವು ಜನಾಂಗಗಳಲ್ಲಿ ಹೊಡೆದಾಡುತ್ತಾರೆ, ಕೆಲವುಗಳಲ್ಲಿ ಸುಮ್ಮನೆ ಕುಳಿತು ನಿದ್ದೆಹೋಗುತ್ತಾರೆ. ಕುಡಿದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಜನ ತಮ್ಮ ಸಮಾಜದಿಂದ ಕಲಿಯುತ್ತಾರೆ ಎಂಬುದು ಅವರ ವಾದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಲ್ಲವೂ ನಂಬಿಕೆಯ ಆಟ, ಮದ್ಯಕ್ಕೆ ಸ್ವಂತ ಗುಣವಿಲ್ಲ ಎಂದು ಯಾರೂ ತಿಳಿಯಬಾರದು. ಕಾಲು ತಡವರಿಸುವುದು, ಕಣ್ಣಿನ ಅಂದಾಜು ತಪ್ಪುವುದು, ಬ್ರೇಕಿನ ಮೇಲೆ ಕಾಲು ಬೀಳುವುದು ತಡವಾಗುವುದು, ಇವೆಲ್ಲ ಮದ್ಯದ ನೇರವಾದ ಕೆಲಸ. ಅಳತೆ ಮೀರಿದರೆ ಉಸಿರೇ ನಿಲ್ಲಬಹುದು. ಯಕೃತ್ತಿಗೆ ಆಗುವ ಹಾನಿ ತಮಗೆ ಗೊತ್ತಿದೆ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಮದ್ಯಪಾನವನ್ನು 1988ರಲ್ಲಿಯೇ ಸೇರಿಸಲಾಗಿದೆ. ಇಷ್ಟು ಕುಡಿದರೆ ಆರೋಗ್ಯಕ್ಕೆ ಅಪಾಯವಿಲ್ಲ ಎನ್ನಬಹುದಾದ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ನಂಬಿಕೆ ಸುಳ್ಳಾಗಬಹುದು, ಸೇತುವೆಯ ಕಟ್ಟೆ ಸುಳ್ಳಾಗುವುದಿಲ್ಲ.

ಇನ್ನು ದುಃಖ ಮರೆಯಲು ಕುಡಿಯುವವರು. ಗೆಳೆಯರೊಡನೆ ಮೋಜಿಗೆಂದು ಕುಡಿಯುವವನಿಗಿಂತ, ಫೇಲಾದೆನೆಂದೋ ಕೆಲಸ ಸಿಗಲಿಲ್ಲವೆಂದೋ ಒಬ್ಬನೇ ಕುಳಿತು ಕುಡಿಯುವ ಹುಡುಗನ ಬಗ್ಗೆ ಹೆಚ್ಚು ಚಿಂತಿಸಬೇಕು. ಮದ್ಯವು ಮನಸ್ಸನ್ನು ಕೆಲವು ಗಂಟೆ ಮಂಕು ಮಾಡುತ್ತದೆ. ಇಳಿದ ಮೇಲೆ ಕಳವಳ ಬಡ್ಡಿಸಹಿತ ಹಿಂತಿರುಗುತ್ತದೆ. ಆ ಬಡ್ಡಿ ತೀರಿಸಲು ಮತ್ತೆ ಸಾಲ. ಮನೆಯಲ್ಲಿ ಸೋಲನ್ನು ಹೇಳಿಕೊಳ್ಳಲು ಜಾಗವಿದ್ದ ಹುಡುಗನಿಗೆ ಈ ಸಾಲದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

* * *

ಇಷ್ಟು ಹೇಳಿದ ಮೇಲೆ ಮನೆಯ ಮಾತಿಗೆ ಬರೋಣ. ನಮ್ಮ ಕಥೆಯ ತಾಯಿಯ ಮನೆಯಲ್ಲಿ ಕುಡಿಯುವವರಿರಲಿಲ್ಲ. ಎಲ್ಲ ಮನೆಗಳೂ ಹಾಗಿಲ್ಲ. ಭಾನುವಾರ ಸಂಜೆ ಹನ್ನೆರಡು ವರ್ಷದ ಮಗನನ್ನು ಸೋಡಾಕ್ಕೂ ಖಾರದ ಕಡಲೆಬೀಜಕ್ಕೂ ಅಂಗಡಿಗೆ ಓಡಿಸುವ ತಂದೆಯರಿದ್ದಾರೆ. ತಂದು ಕೊಟ್ಟ ಹುಡುಗ ಬಾಗಿಲ ಬಳಿ ನಿಂತು ನೋಡುತ್ತಾನೆ: ಬೆಳಗ್ಗೆಯಿಂದ ಮುಖ ಗಂಟಿಕ್ಕಿದ್ದ ಅಪ್ಪ ಈಗ ನಗುತ್ತಿದ್ದಾನೆ. ಆ ಪಾಠಕ್ಕೆ ಪುಸ್ತಕ ಬೇಡ.

ಇನ್ನು ಕೆಲವರು, ಹೇಗಿದ್ದರೂ ಹೊರಗೆ ಕಲಿಯುತ್ತಾನೆ, ಮನೆಯಲ್ಲೇ ಒಂದಿಷ್ಟು ಕೊಟ್ಟು ಹದವನ್ನು ಕಲಿಸೋಣ ಎನ್ನುತ್ತಾರೆ. ಕೇಳಲು ಬುದ್ಧಿವಂತಿಕೆಯ ಮಾತು. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ಅನುಸರಿಸಿ ಇದನ್ನೇ ಪರೀಕ್ಷಿಸಿದರು. ವರದಿ 2018ರಲ್ಲಿ ಬಂತು. ತಂದೆತಾಯಿ ಕೈಯಾರೆ ಕೊಟ್ಟುದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ದೊರೆತಂತೆ ಕಾಣಲಿಲ್ಲ. ಅಂಥ ಮಕ್ಕಳು ಮುಂದೆ ಮಿತಿಮೀರಿ ಕುಡಿಯುವ, ಅದರಿಂದ ಕೇಡನ್ನು ಅನುಭವಿಸುವ ಸಂಭವವೇ ಹೆಚ್ಚಾಗಿತ್ತು.

ಮನೆಯಾಚೆಗೆ ಪೇಟೆಯಿದೆ. ದೂರದರ್ಶನದ ಕೇಬಲ್ ವಾಹಿನಿಗಳಲ್ಲಿ ಮದ್ಯದ ಜಾಹೀರಾತನ್ನು ನಮ್ಮ ದೇಶದ ನಿಯಮಗಳು 2000ದಿಂದ ನಿಷೇಧಿಸಿವೆ. ಆದರೆ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರದ ಸೋಡಾ, ಕುಡಿಯುವ ನೀರು, ಸಂಗೀತದ ಡಿಸ್ಕು ಇವುಗಳ ಜಾಹೀರಾತುಗಳು ಬಂದವು. ಸೋಡಾ ಮಾರಲು ಅಷ್ಟು ವೈಭವ ಏಕೆ ಬೇಕು? ಆ ಜಾಹೀರಾತುಗಳಲ್ಲಿ ಯಾರೂ ಒಬ್ಬರೇ ಕುಳಿತಿರುವುದಿಲ್ಲ, ಗಮನಿಸಿ ನೋಡಿ. ಯಾವಾಗಲೂ ಗೆಳೆಯರು, ನಗು, ಗೆಲುವು. ಹುಡುಗನಿಗೆ ಬೇಕಾದುದು ಜೊತೆ ಎಂಬುದು ನಮಗಿಂತ ಮುಂಚೆ ವ್ಯಾಪಾರಿಗೆ ತಿಳಿದಿದೆ.

* * *

ಕಾನೂನು ಸಾಲದೇ ಎಂದು ಕೇಳಬಹುದು. ನಮ್ಮ ರಾಜ್ಯದ ಅಬಕಾರಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ನಿಯಮ ಒಳ್ಳೆಯದು, ಅಗತ್ಯವಾದುದು; ಅಂಗಡಿಯವನು ವಯಸ್ಸು ಕೇಳುವಂತೆ ನೋಡಿಕೊಳ್ಳುವುದು ಊರಿನವರೆಲ್ಲರ ಹೊಣೆ. ಆದರೆ ಕಾನೂನೊಂದರಿಂದಲೇ ಆಗುವಂತಿದ್ದರೆ ಯಾದವರು ಉಳಿಯುತ್ತಿದ್ದರು.

ಮಹಾಭಾರತದ ಮೌಸಲ ಪರ್ವವನ್ನು ನೆನೆಯಿರಿ. ಅಲ್ಲಿಯೂ ಕೇಡಿನ ಮೊದಲು ಎಳೆಯರ ಗುಂಪಿನ ಕುಚೇಷ್ಟೆ. ಸಾಂಬನಿಗೆ ಬಸುರಿಯ ವೇಷ ಹಾಕಿ ಋಷಿಗಳನ್ನು ಹಾಸ್ಯ ಮಾಡಿದರು, ಶಾಪ ಬಂತು. ಬಳಿಕ ದ್ವಾರಕೆಯಲ್ಲಿ ಯಾರೂ ಮದ್ಯ ತಯಾರಿಸಬಾರದು, ತಯಾರಿಸಿದವನಿಗೆ ಶೂಲವೇ ಶಿಕ್ಷೆ ಎಂದು ಡಂಗುರ ಹೊಡೆಯಿಸಿದರು. ಅದಕ್ಕಿಂತ ಕಠಿಣವಾದ ಕಾನೂನು ಉಂಟೇ? ಆದರೂ ಪ್ರಭಾಸತೀರ್ಥದಲ್ಲಿ ಎಲ್ಲರೂ ಕೂಡಿದಾಗ ಪಾನಗೋಷ್ಠಿ ನಡೆಯಿತು. ಸಾತ್ಯಕಿ ಕೃತವರ್ಮನನ್ನು ಹಂಗಿಸಿದ. ಹಳೆಯ ಗಾಯಗಳು ಬಾಯ್ತೆರೆದವು. ಜೊಂಡುಹುಲ್ಲೇ ಒನಕೆಯಾಗಿ ಕುಲವನ್ನು ಬಡಿಯಿತು. ಶೂಲದ ಭಯವನ್ನು ಕೂಟದ ಬಿಸಿ ಗೆದ್ದಿತು ಎಂಬುದನ್ನು ವ್ಯಾಸರು ಅಂದೇ ಕಂಡಿದ್ದರು.

ಹಾಗಾದರೆ ಗೆಲ್ಲುವ ದಾರಿಯೇ ಇಲ್ಲವೇ? ಇದೆ. ಅದನ್ನು ತೋರಿಸಿದ್ದು ಉತ್ತರ ಧ್ರುವವೃತ್ತದ ಸಮೀಪದ ಐಸ್‌ಲ್ಯಾಂಡ್ ಎಂಬ ಸಣ್ಣ ದ್ವೀಪರಾಷ್ಟ್ರ. 1998ರಲ್ಲಿ ಅಲ್ಲಿ 15–16 ವರ್ಷದ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವೆಂದು ತಾವೇ ಹೇಳಿದ್ದರು. 2016ರ ಹೊತ್ತಿಗೆ ಹಾಗೆ ಹೇಳಿದವರು ನೂರಕ್ಕೆ ಐವರು. ಅವರು ಮಾಡಿದ್ದೇನು? ಬೋಧನೆಯೊಂದನ್ನೇ ನಂಬಿ ಕೂರಲಿಲ್ಲ. ಶಾಲೆಗಳಲ್ಲಿ ಮತ್ತೆ ಮತ್ತೆ ಹೆಸರಿಲ್ಲದ ಪ್ರಶ್ನಪತ್ರಿಕೆ ತುಂಬಿಸಿಕೊಂಡು ನಿಜವಾದ ಲೆಕ್ಕವನ್ನು ಆಯಾ ಊರಿಗೆ ತಿಳಿಸಿದರು. ಆಟ, ಸಂಗೀತ, ಚಿತ್ರಕಲೆಗಳಿಗೆ ಮಕ್ಕಳನ್ನು ಸೇರಿಸಲು ರಾಜಧಾನಿಯ ಪುರಸಭೆ ಮನೆಗಳಿಗೆ ಹಣದ ನೆರವನ್ನೂ ಕೊಟ್ಟಿತು. ತಂದೆತಾಯಿಗಳು ಒಟ್ಟುಗೂಡಿ ಒಪ್ಪಂದ ಮಾಡಿಕೊಂಡರು. ರಾತ್ರಿಯ ಹೊತ್ತು ಸರದಿಯಂತೆ ಬೀದಿಯಲ್ಲಿ ಓಡಾಡಿದರು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ಹಿರಿಯರಿಲ್ಲದೆ ಹೊರಗಿರಬಾರದೆಂಬ ಕಟ್ಟು ಮಾಡಿದರು. ಕಾನೂನು ಇತ್ತು, ಅದರ ಜೊತೆಗೆ ಮೈದಾನವಿತ್ತು, ಮನೆಯಿತ್ತು, ನೆರೆಯವರಿದ್ದರು. ಹುಡುಗರಿಗೆ ಜೊತೆ ಬೇಕೆಂಬುದನ್ನು ಅವರು ಅಲ್ಲಗಳೆಯಲಿಲ್ಲ; ಲೋಟವಿಲ್ಲದ ಜೊತೆಯನ್ನು ಒದಗಿಸಿಕೊಟ್ಟರು.

* * *

ನಮ್ಮ ನಿಮ್ಮ ಮನೆಯಲ್ಲಿ ಏನು ಮಾಡಬಹುದು? ನನಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ.

ಒಂದು, ನಿಜವಾದ ಲೆಕ್ಕವನ್ನು ಹೇಳಿ. “ಈಗಿನ ಹುಡುಗರೆಲ್ಲ ಕುಡುಕರು” ಎಂದು ಊಟದ ಹೊತ್ತಿನಲ್ಲಿ ನಾವೇ ಶಪಿಸುತ್ತೇವೆ. ಪಕ್ಕದಲ್ಲಿ ಕುಳಿತ ಹುಡುಗ ಅದರಿಂದ ಕಲಿಯುವುದು, ಎಲ್ಲರೂ ಕುಡಿಯುತ್ತಾರೆ ಎಂಬುದನ್ನು ಮಾತ್ರ.

ಎರಡು, ಬೇಡವೆನ್ನಲು ಮಾತುಗಳನ್ನು ಕೈಗೆ ಕೊಡಿ. “ಕುಡಿಯಬೇಡ” ಎಂದರೆ ಸಾಲದು. ಲೋಟ ಮುಂದೆ ಬಂದಾಗ ಏನೆನ್ನಬೇಕೆಂಬುದೂ ಗೊತ್ತಿರಬೇಕು. “ಬೆಳಗ್ಗೆ ಓಟ ಇದೆ ಕಣೋ”, “ಗಾಡಿ ನಾನೇ ಓಡಿಸಬೇಕು”, “ನನಗೆ ಮಜ್ಜಿಗೆ ಸಾಕು, ನೀವು ಮಾತಾಡಿ.” ಗೆಳೆತನವನ್ನು ಬಿಡದೆ ಲೋಟವನ್ನು ಬಿಡುವ ಮಾತು ಇವು. ಕೂಟದಲ್ಲಿ ಒಬ್ಬ ಬಾಯಿಬಿಟ್ಟರೆ ಎರಡನೆಯವನಿಗೆ ಧೈರ್ಯ ಬರುತ್ತದೆ.

ಮೂರು, ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಬಹುದೆಂಬ ಭರವಸೆ ಕೊಡಿ. “ಎಲ್ಲಿದ್ದರೂ ಹೇಳು, ಬಂದು ಕರೆದುಕೊಂಡು ಹೋಗುತ್ತೇನೆ, ಮಾತೇನಿದ್ದರೂ ನಾಳೆ ಬೆಳಗ್ಗೆ.” ಈ ಮಾತು ಕೊಟ್ಟರೆ ಉಳಿಸಿಕೊಳ್ಳಬೇಕು, ಆ ರಾತ್ರಿ ಬೈಯಕೂಡದು. ಕುಡಿದು ಎಚ್ಚರತಪ್ಪಿದವನನ್ನು ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬನನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು; ಬಾಯಿಗೆ ನಿಂಬೆಹಣ್ಣು, ಕಾಫಿ, ಮಜ್ಜಿಗೆ ಹಾಕಬಾರದು. ಇದನ್ನು ಮನೆಮಂದಿಯೂ ಗೆಳೆಯರೂ ತಿಳಿದಿರಲಿ.

ನಾಲ್ಕು, ನೆರವು ಕೇಳಲು ನಾಚಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಟಗಳಿಗೆಂದೇ ಚಿಕಿತ್ಸಾ ಕೇಂದ್ರವಿದೆ. ಮನಸ್ಸಿನ ತೊಂದರೆಗಳಿಗೆ 14416, ವ್ಯಸನಮುಕ್ತಿಗೆ 14446 ಎಂಬ ಸರ್ಕಾರದ ದೂರವಾಣಿ ಸಂಖ್ಯೆಗಳಿವೆ. ಜ್ವರಕ್ಕೆ ವೈದ್ಯರ ಬಳಿ ಹೋಗುವವರು ಇದಕ್ಕೆ ಹೋಗಲು ಸಂಕೋಚಪಡಬೇಕಾದುದಿಲ್ಲ.

* * *

ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಆ ತೋಟದ ಕೂಟದಲ್ಲಿದ್ದ ಇನ್ನೊಬ್ಬ ಹುಡುಗನೂ ನನ್ನ ಶಿಷ್ಯನೇ. ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವನಾಗಿಯೇ ಮಾತು ತೆಗೆದ. “ನನಗೂ ಅವತ್ತು ಬೇಡ ಅನ್ನಿಸಿತ್ತು, ಸಾರ್. ಅವನು ಸಲೀಸಾಗಿ ಕುಡಿದುಬಿಟ್ಟ. ಅವನೇ ಕುಡಿಯುವಾಗ ನಾನು ಹೇಗೆ ಬೇಡ ಅನ್ನಲಿ ಅಂತ ನಾನೂ ಕುಡಿದೆ.” ಉಗಿಯಬೇಕೆಂದು ಬಯಸಿ ನುಂಗಿದವನನ್ನು ನೋಡಿ ಇವನು ನುಂಗಿದ್ದ. ಇವನನ್ನು ನೋಡಿ ಮೂರನೆಯವನು. ಯಾರಿಗೂ ಬೇಡದ ವಸ್ತುವನ್ನು ಎಲ್ಲರೂ ಎಲ್ಲರಿಗಾಗಿ ಕುಡಿದಿದ್ದರು. ಒಬ್ಬನೇ ಒಬ್ಬ ಬಾಯಿಬಿಟ್ಟು “ನನಗೆ ಬೇಡ ಕಣ್ರೋ” ಎಂದಿದ್ದರೆ?

ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳಿದ ಆ ತಾಯಿಗೆ ಈಗ ನಾನು ಉತ್ತರ ಹೇಳಬಲ್ಲೆ. ಅದು ನಿಮ್ಮ ಮನೆಯಿಂದ ಬಂದದ್ದಲ್ಲ, ತಾಯಿ. ಒಬ್ಬಂಟಿಯಾದೇನೆಂಬ ಭಯದಿಂದ ಬಂದದ್ದು. ಆ ಭಯ ಇರುವ ಹುಡುಗ ನಮ್ಮೆಲ್ಲರ ಮನೆಯಲ್ಲಿಯೂ ಇದ್ದಾನೆ. ಈ ಸಂಜೆ ರೇಡಿಯೋ ನಿಲ್ಲಿಸಿದ ಮೇಲೆ ಅವನನ್ನು ಹತ್ತಿರ ಕೂಡಿಸಿಕೊಂಡು ಸ್ವಲ್ಪ ಹೊತ್ತು ಮಾತನಾಡಿರಿ. ಆ ಹುಡುಗ ಈಗ ನಡೆಯುತ್ತಾನೆ, ಕುಂಟುತ್ತ. ಬೆಳಗಿನ ಜಾವ ಕೆಲವು ದಿನ ಮೈದಾನದ ಕಟ್ಟೆಯ ಮೇಲೆ ಬಂದು ಕುಳಿತು, ಓಡುವ ಚಿಕ್ಕ ಹುಡುಗರಿಗೆ ಕೈಗಡಿಯಾರ ಹಿಡಿದು ಹೊತ್ತು ಹೇಳುತ್ತಾನೆ.